ಪ್ರಾಥಮಿಕ ಶಾಲೆಗಳಲ್ಲಿ ಅಣಕು ಅಪರಾಧ ತನಿಖೆಯ ಮೂಲಕ ಕಲಿಕೆ: ಪೋಷಕರು ಹಾಗೂ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ತರಗತಿಯಲ್ಲಿ ಒಂದು ವಸ್ತು ಕಾಣೆಯಾದಾಗ ಸಾಕ್ಷ್ಯಕ್ಕಿಂತ ಮೊದಲು ಯಾವುದಾದರೊಂದು ಮಗುವಿನ ಹೆಸರು ಕೇಳಿಬರುವುದುಂಟು. ಹೊಸದಾಗಿ ಸೇರಿದ ಮಗು, ಬಡ ಕುಟುಂಬದ ಮಗು ಅಥವಾ ವಲಸೆ ಕಾರ್ಮಿಕರ ಮಗು ಇಂತಹ ಅನುಮಾನಕ್ಕೆ ಸುಲಭವಾಗಿ ಗುರಿಯಾಗುತ್ತದೆ. ಒಮ್ಮೆ ಅಂಟಿದ ಅಪವಾದವು ಮಗುವನ್ನು ಶಾಲೆಯಿಂದಲೇ ದೂರ ಮಾಡಬಹುದು. ಹೆಸರು ಹೇಳುವ ಮೊದಲು ಸಾಕ್ಷ್ಯವನ್ನು ಪರಿಶೀಲಿಸಬೇಕೆಂಬ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದೇ ಅಣಕು ತನಿಖೆಯ ಮುಖ್ಯ ಉದ್ದೇಶವಾಗಿರುತ್ತದೆ.

ಅಣಕು ತನಿಖೆ ಎಂದರೆ ಶಿಕ್ಷಕರು ಕಲ್ಪಿಸಿದ ಒಂದು ಘಟನೆಯನ್ನು ಮಕ್ಕಳು ಗುಂಪುಗಳಲ್ಲಿ ಪರಿಶೀಲಿಸಿ, ದೊರೆತ ಕುರುಹುಗಳ ಆಧಾರದಿಂದ ತೀರ್ಮಾನಕ್ಕೆ ಬರುವ ಚಟುವಟಿಕೆ. ಇದು ಪ್ರತ್ಯೇಕ ಯೋಜನೆಯಲ್ಲ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂತಹ ಹೋಬಳಿ ಕೇಂದ್ರದ ಶಾಲೆಯಲ್ಲಾಗಲಿ, ಸುತ್ತಲಿನ ಚಿಕ್ಕ ಗ್ರಾಮಗಳ ಶಾಲೆಗಳಲ್ಲಾಗಲಿ, ಲಭ್ಯವಿರುವ ಸಾಮಗ್ರಿಗಳಿಂದಲೇ ಇದನ್ನು ನಡೆಸಬಹುದಾಗಿದೆ. 4ನೇ ತರಗತಿ ಮತ್ತು ಮೇಲ್ಪಟ್ಟ ಮಕ್ಕಳಿಗೆ ಇದು ಹೆಚ್ಚು ಸೂಕ್ತ.

ಕಾನೂನಿನ ಆಧಾರ

1. ಸಂವಿಧಾನದ 51ಎ(ಎಚ್) ವಿಧಿಯು ವೈಜ್ಞಾನಿಕ ಮನೋಭಾವ ಹಾಗೂ ಜಿಜ್ಞಾಸೆಯನ್ನು ಬೆಳೆಸಿಕೊಳ್ಳುವುದನ್ನು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಹೇಳುತ್ತದೆ. ಇದನ್ನು 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಸೇರಿಸಲಾಯಿತು.

2. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 29(2)ನೇ ಪ್ರಕರಣವು ಚಟುವಟಿಕೆ, ಅನ್ವೇಷಣೆ ಮತ್ತು ಶೋಧನೆಯ ಮೂಲಕ, ಮಗುವನ್ನು ಭಯದಿಂದ ಮುಕ್ತಗೊಳಿಸುವ ರೀತಿಯಲ್ಲಿ ಕಲಿಕೆ ನಡೆಯಬೇಕೆಂದು ತಿಳಿಸುತ್ತದೆ. ಸದರಿ ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

3. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡ ನಲಿ-ಕಲಿ ಪದ್ಧತಿಯಿಂದಾಗಿ ಗುಂಪಿನಲ್ಲಿ ಮಾಡಿ ಕಲಿಯುವ ಕ್ರಮವು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೊಸತಲ್ಲ.

ಚಟುವಟಿಕೆಯ ಒಂದು ಮಾದರಿ

ಘಟನೆ: ಜಗಲಿಯಲ್ಲಿ ತೂಗುಹಾಕಿದ್ದ ಶಾಲಾ ಗಂಟೆಯ ಬಡಿಗೆ ಬೆಳಿಗ್ಗೆಯಿಂದ ಕಾಣುತ್ತಿಲ್ಲ. ಶಿಕ್ಷಕರು ಮುಂಚಿತವಾಗಿ ಕುರುಹುಗಳನ್ನು ಇರಿಸಿರುತ್ತಾರೆ.

ಮೊದಲ ಹಂತ – ಮಹಜರು: ಮಕ್ಕಳು ಸ್ಥಳವನ್ನು ಮುಟ್ಟದೆ ಗಮನಿಸಿ, ನಕ್ಷೆ ಬರೆದು, ಅಳತೆಗಳನ್ನು ಸೆಂಟಿಮೀಟರಿನಲ್ಲಿ ದಾಖಲಿಸುತ್ತಾರೆ. ಇಬ್ಬರು ಮಕ್ಕಳು ಪಂಚರಾಗಿ ಸಹಿ ಮಾಡುತ್ತಾರೆ. ಕಂಡದ್ದನ್ನು ಮಾತ್ರ ಬರೆಯಬೇಕು; ಊಹಿಸಿದ್ದನ್ನು ಬರೆಯಕೂಡದು. ಕನ್ನಡ ಭಾಷಾ ಬರವಣಿಗೆಗೂ ಗಣಿತಕ್ಕೂ ಇದು ಉತ್ತಮ ಅಭ್ಯಾಸ.

ಎರಡನೆಯ ಹಂತ – ಪರೀಕ್ಷೆ: ನೆಲದ ಮೇಲೆ ಬಿಳಿ ಪುಡಿಯೂ ಬೆಂಚಿನ ಮೇಲೆ ದ್ರವದ ಕಲೆಯೂ ಇವೆ. ಪುಡಿಯ ಒಂದು ಭಾಗಕ್ಕೆ ನಿಂಬೆರಸ ಹಾಕಿದಾಗ ನೊರೆ ಬರುವುದಿಲ್ಲ. ಆದುದರಿಂದ ಅದು ಅಡುಗೆ ಸೋಡಾ ಅಲ್ಲ. ಇನ್ನೊಂದು ಭಾಗಕ್ಕೆ ಶಿಕ್ಷಕರು ತೆಳುವಾಗಿಸಿದ ಅಯೋಡಿನ್ ದ್ರಾವಣದ ಒಂದು ಹನಿ ಹಾಕಿದಾಗ ಅದು ಕಡುನೀಲಿ ಬಣ್ಣಕ್ಕೆ ತಿರುಗುತ್ತದೆ. ಆದುದರಿಂದ ಅದರಲ್ಲಿ ಪಿಷ್ಟವಿದೆ, ಅದು ಅಕ್ಕಿಹಿಟ್ಟಾಗಿರಬಹುದು. ಅರಿಶಿನ ಹಚ್ಚಿದ ಕಾಗದವು ದ್ರವದ ಕಲೆಯಿಂದ ಕೆಂಪಾಗುತ್ತದೆ. ಸಾಬೂನಿನ ನೀರು ಹೀಗೆ ಮಾಡುತ್ತದೆ.

ಮೂರನೆಯ ಹಂತ – ತೀರ್ಮಾನ: ಅಕ್ಕಿಹಿಟ್ಟು ಮತ್ತು ಸಾಬೂನಿನ ನೀರು ಎರಡೂ ಬಿಸಿಯೂಟದ ಅಡುಗೆ ಕೋಣೆಯತ್ತ ಬೊಟ್ಟು ಮಾಡುತ್ತವೆ. ಅಲ್ಲಿ ತೊಳೆದ ಪಾತ್ರೆಗಳ ನಡುವೆ ಬಡಿಗೆ ಸಿಗುತ್ತದೆ. ಯಾರೂ ಕದ್ದಿರಲಿಲ್ಲ, ಜಗಲಿ ತೊಳೆಯುವಾಗ ಅದು ಪಾತ್ರೆಗಳೊಡನೆ ಸೇರಿಹೋಗಿತ್ತು. ಕಾಣೆಯಾದುದೆಲ್ಲ ಕಳುವಾದುದಲ್ಲ ಎಂಬ ಅಂಶವನ್ನು ಶಿಕ್ಷಕರು ಈ ಹಂತದಲ್ಲಿ ಮಕ್ಕಳೊಡನೆ ಚರ್ಚಿಸುವುದು ಅವಶ್ಯ.

ಬೆರಳಚ್ಚಿನ ಪಾಠ

ಪೆನ್ಸಿಲ್ ಪುಡಿ ಸವರಿದ ಬೆರಳನ್ನು ಅಂಟುಪಟ್ಟಿಗೆ ಒತ್ತಿ, ಅದನ್ನು ಬಿಳಿ ಕಾಗದಕ್ಕೆ ಅಂಟಿಸಿದಲ್ಲಿ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಸುಳಿ, ಕುಣಿಕೆ, ಕಮಾನು ಎಂಬ ಮೂರು ಬಗೆಗಳಾಗಿ ಮಕ್ಕಳು ಅವನ್ನು ವಿಂಗಡಿಸಿ ಕೋಷ್ಟಕ ತಯಾರಿಸಬಹುದು. ಭಾರತದಲ್ಲಿ ಬೆರಳಚ್ಚು ವಿಭಾಗವು 1897ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾಯಿತು. ಬೆರಳಚ್ಚುಗಳ ವರ್ಗೀಕರಣ ಕ್ರಮವನ್ನು ರೂಪಿಸುವಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯ ಅಧಿಕಾರಿಗಳ ಪಾತ್ರ ಪ್ರಮುಖವಾದುದು. ಪಾಠ ಮುಗಿದ ನಂತರ ಮಕ್ಕಳ ಬೆರಳಚ್ಚುಗಳನ್ನು ಶಾಲೆಯಲ್ಲಿ ಉಳಿಸಿಕೊಳ್ಳದೆ ನಾಶಪಡಿಸತಕ್ಕದ್ದು.

ಗಮನಿಸಬೇಕಾದ ಅಂಶಗಳು

- ಕೊಲೆ, ಅಪಹರಣ ಮುಂತಾದ ಹಿಂಸೆಯ ಘಟನೆಗಳನ್ನು ಆಯ್ದುಕೊಳ್ಳಬಾರದು.
- ತರಗತಿಯ ಯಾವುದೇ ಮಗುವಿಗೆ ಕಳ್ಳನ ಪಾತ್ರ ನೀಡಬಾರದು. ಶಂಕಿತರ ಪಾತ್ರಗಳು ಕಾಗದದ ಮೇಲಿನ ಕಾಲ್ಪನಿಕ ಪಾತ್ರಗಳಾಗಿರಲಿ.
- ಪಾತ್ರಗಳಿಗೆ ಜಾತಿ, ಧರ್ಮ, ಕೇರಿ ಅಥವಾ ಭಾಷೆಯನ್ನು ಸೂಚಿಸುವ ಹೆಸರುಗಳನ್ನು ಇಡಬಾರದು.
- ಅಯೋಡಿನ್ ದ್ರಾವಣವನ್ನು ಶಿಕ್ಷಕರು ಮಾತ್ರ ಬಳಸತಕ್ಕದ್ದು. ಯಾವ ಪುಡಿಯನ್ನೂ ಮಕ್ಕಳು ರುಚಿ ನೋಡಬಾರದು.
- "ಇಷ್ಟು ಸಾಕ್ಷ್ಯದಿಂದ ಹೇಳಲಾಗದು" ಎಂಬ ಉತ್ತರಕ್ಕೂ ಪೂರ್ಣ ಅಂಕ ನೀಡುವುದು ಸೂಕ್ತ.

ನಿಜವಾಗಿ ವಸ್ತು ಕಳೆದುಹೋದಲ್ಲಿ

ಈ ಚಟುವಟಿಕೆಯನ್ನು ನಿಜವಾದ ಪ್ರಕರಣಗಳಿಗೆ ಎಂದಿಗೂ ಬಳಸಬಾರದು. ಮಕ್ಕಳಿಂದ ಮಕ್ಕಳ ಚೀಲ ತಪಾಸಣೆ ಮಾಡಿಸುವುದು, ಎಲ್ಲರೆದುರು ವಿಚಾರಣೆ ನಡೆಸುವುದು ಸಲ್ಲದು. ಶಿಕ್ಷಣ ಹಕ್ಕು ಅಧಿನಿಯಮದ 17ನೇ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಭಾರತೀಯ ನ್ಯಾಯ ಸಂಹಿತೆ, 2023ರ 20ನೇ ಪ್ರಕರಣದಂತೆ 7 ವರ್ಷಕ್ಕಿಂತ ಕಡಿಮೆ ವಯಸ್ಸಿನ ಮಗು ಮಾಡಿದ ಯಾವುದೇ ಕೃತ್ಯವು ಅಪರಾಧವೆನಿಸುವುದಿಲ್ಲ. ಮಗುವಿಗೆ ತೊಂದರೆಯಾಗಿದ್ದಲ್ಲಿ 1098 ಮಕ್ಕಳ ಸಹಾಯವಾಣಿಗೆ, ತುರ್ತು ಸಂದರ್ಭಗಳಲ್ಲಿ 112ಕ್ಕೆ ಕರೆ ಮಾಡಬಹುದು.

ಪೋಷಕರು ಕೋರಿಕೆ ಸಲ್ಲಿಸುವ ಕ್ರಮ

1. ತಮ್ಮ ಮಗುವಿನ ಶಾಲೆಯಲ್ಲಿ ಈ ಚಟುವಟಿಕೆ ನಡೆಯಬೇಕೆಂದು ಬಯಸುವ ಪೋಷಕರು ಮುಖ್ಯ ಶಿಕ್ಷಕರಿಗೆ ಲಿಖಿತ ಕೋರಿಕೆ ಸಲ್ಲಿಸಬಹುದು. ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್.ಡಿ.ಎಂ.ಸಿ.) ಸಭೆಯಲ್ಲಿಯೂ ವಿಷಯವನ್ನು ಮಂಡಿಸಬಹುದು.

2. ಕೋರಿಕೆಯಲ್ಲಿ ತರಗತಿ, ಸೂಕ್ತ ದಿನ ಹಾಗೂ ಪೋಷಕರು ನೀಡಬಹುದಾದ ನೆರವನ್ನು ನಮೂದಿಸುವುದು ಒಳಿತು.

3. ಪೊಲೀಸ್ ಠಾಣೆಯ ಕಾರ್ಯವಿಧಾನವನ್ನು ಮಕ್ಕಳಿಗೆ ಪರಿಚಯಿಸಲು ಪೊಲೀಸ್ ಇಲಾಖೆಯ "ತೆರೆದ ಮನೆ" ಕಾರ್ಯಕ್ರಮದ ಮಾದರಿಯಲ್ಲಿ ಭೇಟಿ ಏರ್ಪಡಿಸಬಹುದು. ಇದಕ್ಕಾಗಿ ಮುಖ್ಯ ಶಿಕ್ಷಕರು ತಮ್ಮ ವ್ಯಾಪ್ತಿಯ ಠಾಣೆಗೆ ಮುಂಚಿತವಾಗಿ ಪತ್ರ ಬರೆಯತಕ್ಕದ್ದು. ಪೋಷಕರ ಲಿಖಿತ ಒಪ್ಪಿಗೆ ಪಡೆದಿರಬೇಕು. ಅನುಗೊಂಡನಹಳ್ಳಿಯಲ್ಲಿಯೇ ಪೊಲೀಸ್ ಠಾಣೆ ಇರುವುದರಿಂದ ಇಲ್ಲಿನ ಮಕ್ಕಳು ದೂರ ಪ್ರಯಾಣಿಸಬೇಕಾಗಿಲ್ಲ.

4. ಠಾಣೆಯಲ್ಲಿ ಪ್ರಥಮ ವರ್ತಮಾನ ವರದಿ ದಾಖಲಾಗುವ ಕ್ರಮವನ್ನು ಮಕ್ಕಳು ಕೇಳಿ ತಿಳಿಯಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 173ನೇ ಪ್ರಕರಣದಂತೆ ಮಾಹಿತಿ ನೀಡಿದವರಿಗೆ ಅದರ ಪ್ರತಿಯನ್ನು ಉಚಿತವಾಗಿ ನೀಡಬೇಕು ಎಂಬುದು ಮಕ್ಕಳ ಮೂಲಕ ಮನೆಮಂದಿಗೂ ತಿಳಿಯಬೇಕಾದ ವಿಷಯವಾಗಿದೆ.

ಚಟುವಟಿಕೆಯಲ್ಲಿ ಭಾಗವಹಿಸಿದ ಮಗು ಮನೆಗೆ ಬಂದಾಗ "ಯಾರು ಮಾಡಿದ್ದು?" ಎಂದು ಕೇಳುವುದಕ್ಕಿಂತ "ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳುವಂತೆ ಪೋಷಕರಲ್ಲಿ ಕೋರಲಾಗಿದೆ.