ಜಿಮಿ ಹೆಂಡ್ರಿಕ್ಸ್ (1942–1970)

ಲಂಡನ್ನಿನ ಬ್ರೂಕ್ ಸ್ಟ್ರೀಟಿನ 23ನೇ ನಂಬರಿನ ಈ ಮೇಲ್ಮಹಡಿಯಲ್ಲಿ 1968–69ರಲ್ಲಿ ಹೆಂಡ್ರಿಕ್ಸ್ ವಾಸವಾಗಿದ್ದರು. ಪಕ್ಕದ ಮನೆಯಲ್ಲಿ ಹಿಂದೆ ಸಂಗೀತ ಸಂಯೋಜಕ ಹ್ಯಾಂಡೆಲ್ ಇದ್ದರೆಂದು ತಿಳಿದು, ಅವರ ಕೃತಿಗಳ ರೆಕಾರ್ಡುಗಳನ್ನೂ ಕೊಂಡು ತಂದರು.

ಹುಟ್ಟೂರು ಅಮೆರಿಕದ ಸಿಯಾಟಲ್. ಎಡಚರಾದ ಇವರು ಬಲಗೈಯವರ ಸ್ಟ್ರಾಟೋಕ್ಯಾಸ್ಟರ್ ಗಿಟಾರನ್ನೇ ತಲೆಕೆಳಗಾಗಿ ಹಿಡಿದು, ತಂತಿಗಳನ್ನು ಅದಲುಬದಲು ಕಟ್ಟಿ ನುಡಿಸುತ್ತಿದ್ದರು. ಆಂಪ್ಲಿಫೈಯರಿನ ಕಿರುಚಾಟವನ್ನು ಅನೇಕರು ದೋಷವೆಂದು ಅಡಗಿಸುತ್ತಿದ್ದ ಕಾಲದಲ್ಲಿ ಇವರು ಅದನ್ನು ಪಳಗಿಸಿ ಹಾಡಿಸಿದರು.

27ನೇ ವಯಸ್ಸಿಗೇ, ಇದೇ ಊರಿನಲ್ಲಿ ತೀರಿಕೊಂಡರು. ಬದುಕಿದ್ದಾಗ ಬಂದ ಸ್ಟುಡಿಯೋ ಆಲ್ಬಮ್‌ಗಳು ಮೂರೇ ಮೂರು. 'ಆರ್ ಯೂ ಎಕ್ಸ್‌ಪೀರಿಯನ್ಸ್ಡ್' (1967) ರಾಕ್ ಗಿಟಾರಿನ ದಿಕ್ಕನ್ನೇ ಬದಲಿಸಿತು. ಆದರೂ ಮೂರರಲ್ಲಿ ಶ್ರೇಷ್ಠವಾದದ್ದು ಜೋಡಿ ರೆಕಾರ್ಡಿನ 'ಎಲೆಕ್ಟ್ರಿಕ್ ಲೇಡಿಲ್ಯಾಂಡ್' (1968). ಅದರ 'ವೂಡೂ ಚೈಲ್' ಸುಮಾರು 15 ನಿಮಿಷದ್ದು. ಹಾಡುವ ದನಿಗೆ ಹೆಗಲೆಣೆಯಾಗಿ ಗಿಟಾರೂ ಅದೇ ಸ್ವರ ನುಡಿಯುವುದನ್ನು ಕಿವಿಗೊಟ್ಟು ಕೇಳಿ.