ಕೂಟ ಕಟ್ಟಿದವರು, ಕಾಸು ಕೂಡಿಸಿದವರು

1834ನೆಯ ಇಸವಿಯಲ್ಲಿ ತರೀಕೆರೆಯ ಪಾಳೆಯಗಾರ ಸರ್ಜಾ ಹನುಮಪ್ಪ ನಾಯಕ ಸೆರೆ ಸಿಕ್ಕು ಗಲ್ಲಿಗೇರಿದ. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಐರ್ಲೆಂಡಿನ ವಕೀಲ ಡೇನಿಯಲ್ ಓಕಾನೆಲ್ ಎದ್ದು ನಿಂತು, ತನ್ನ ನಾಡನ್ನು ಬ್ರಿಟನ್ನಿಗೆ ಕಟ್ಟಿಹಾಕಿದ 1801ರ ಒಕ್ಕೂಟವನ್ನು ಪ್ರಶ್ನಿಸಿದ. ಅವನ ನಿರ್ಣಯ 523ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಇಬ್ಬರೂ ಒಂದೇ ಸರ್ಕಾರದ ಎದುರು ಸೋತವರು. ಆದರೆ ಒಬ್ಬ ಸೋತ ಮೇಲೂ ಊರಿಗೆ ಮರಳಿ ಮತ್ತೆ ಜನರನ್ನು ಸೇರಿಸಿದ. ಇನ್ನೊಬ್ಬನಿಗೆ ಮರಳುವ ದಾರಿಯೇ ಇರಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಕೇಳಿಕೊಂಡರೆ ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಒಂದು ಮರೆತ ಅಧ್ಯಾಯ ತೆರೆದುಕೊಳ್ಳುತ್ತದೆ.

ಇತಿಹಾಸದಲ್ಲಿ ಅದಕ್ಕೆ ‘ನಗರದ ದಂಗೆ’ ಎಂದು ಹೆಸರು. ಆಗ ಮೈಸೂರನ್ನು ಆಳುತ್ತಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರ್. ಕಂದಾಯ ವಸೂಲಿಗೆ ‘ಶರ್ತಿ’ ಎಂಬ ಪದ್ಧತಿ ಜಾರಿಯಲ್ಲಿತ್ತು. ಉರ್ದು ಬಲ್ಲವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ, ಅದು ‘ಶರ್ತ್’, ನಮ್ಮ ಕನ್ನಡದ ಶರತ್ತು. ಇಂತಿಷ್ಟು ಹಣ ತಂದು ಕಟ್ಟುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಬರೆದುಕೊಡಬೇಕು. ಕಡಿಮೆಯಾದರೆ ಅದು ಅವನ ತಲೆಗೆ. ಹಾಗಾಗಿ ಮಳೆ ಬರಲಿ ಬಿಡಲಿ, ಬೆಳೆಗೆ ಬೆಲೆ ಸಿಗಲಿ ಸಿಗದಿರಲಿ, ಅವನ ಶರತ್ತನ್ನು ತೀರಿಸಬೇಕಾದವನು ರೈತ. ನಗರ ಸೀಮೆಯಲ್ಲಂತೂ ಹಿಂದೆ ಬಿಟ್ಟುಕೊಟ್ಟಿದ್ದ ಬಾಕಿಯನ್ನೂ ಮತ್ತೆ ಕೆದಕಿ ಕೇಳತೊಡಗಿದರು.

ರೈತರು ಮೊದಲು ಮಾಡಿದ್ದೇನು? ಕತ್ತಿ ಹಿಡಿಯಲಿಲ್ಲ. 1830ರಲ್ಲಿ ಊರೂರಿನವರು ಒಂದೆಡೆ ಸೇರಿದರು, ಅಹವಾಲು ಹೇಳಿದರು, ಕಂದಾಯ ಕಟ್ಟುವುದಿಲ್ಲವೆಂದು ಕುಳಿತರು. ಇದಕ್ಕೆ ಅವರಿಟ್ಟ ಹೆಸರು ‘ಕೂಟ’. ಅಮಲ್ದಾರ, ಫೌಜದಾರ, ಜಮಾಬಂದಿ ಎಂಬ ಅಧಿಕಾರದ ಮಾತುಗಳೆಲ್ಲ ಪಾರಸಿ ದಫ್ತರಿನಿಂದ ಬಂದವು. ಎದುರು ನಿಂತ ರೈತ ತನ್ನದಕ್ಕೆ ಆರಿಸಿಕೊಂಡದ್ದು ಮಾತ್ರ ಅಚ್ಚಗನ್ನಡದಂತೆ ಬಳಕೆಯಲ್ಲಿದ್ದ ಮಾತು.

ಕೂಟದ ಅಹವಾಲಿಗೆ ಉತ್ತರವಾಗಿ ಬಂದದ್ದು ದಂಡು. ಕೇಳುವ ಕಿವಿ ಇಲ್ಲವೆಂದಾದಾಗ ಕೂಟ ಬೇರೆಯವರ ಕೈಗೆ ಜಾರಿತು. ಸಾಮಾನ್ಯ ರೈತನಾಗಿದ್ದ ಸಾದರ ಮಲ್ಲ ಎಂಬಾತ, ಬೂದಿ ಬಸವಪ್ಪನೆಂಬ ಹೆಸರಿನಲ್ಲಿ, ತಾನೇ ನಗರದ ಅರಸರ ಹಕ್ಕುದಾರನೆಂದು ಸಾರಿಕೊಂಡ. ಬಾಕಿ ಮನ್ನಾ ಮಾಡುತ್ತೇನೆ, ಕಂದಾಯ ಇಳಿಸುತ್ತೇನೆ ಎಂದು ಮಾತು ಕೊಟ್ಟ. ಇತ್ತ ಮೈಸೂರಿನಲ್ಲಿದ್ದ ತರೀಕೆರೆಯ ರಂಗಪ್ಪ ನಾಯಕ 1830ರ ಕೊನೆಗೆ ಅಲ್ಲಿಂದ ತಪ್ಪಿಸಿಕೊಂಡು ಬಂದು ಕಲ್‌ದುರ್ಗ, ಕಾಮನದುರ್ಗಗಳನ್ನು ಹಿಡಿದ.

ಈ ನಾಯಕರ ಹಿನ್ನೆಲೆಯನ್ನೂ ನೋಡಬೇಕು. ಬಸವಾಪಟ್ಟಣದಲ್ಲಿ ಆಳುತ್ತಿದ್ದ ಇವರ ಪೂರ್ವಿಕರು ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸೈನ್ಯಕ್ಕೆ ಸೋತು ತರೀಕೆರೆಗೆ ಬಂದವರು. ಮುಂದೆ ಹೈದರ್ ಅಲಿ ಅವರ ಪಾಳೆಯಪಟ್ಟನ್ನು ಮೈಸೂರಿಗೆ ಸೇರಿಸಿಕೊಂಡ. ಹಾಗಿದ್ದೂ ಹನುಮಪ್ಪ ನಾಯಕ ಹೊತ್ತ ‘ಸರ್ಜಾ’ ಎಂಬ ಬಿರುದು ಸಿಂಹದ ಉಗ್ರತೆಯನ್ನು ಸೂಚಿಸುವ ಪಾರಸಿಯ ‘ಶರ್ಜಾ’ ಮಾತಿನಿಂದ ಬಂದದ್ದು. ಸೋಲು, ಗೆಲುವು, ಬಿರುದು, ಭಾಷೆ ಎಲ್ಲ ಹೀಗೆ ಹೆಣೆದುಕೊಂಡ ನೆಲ ಇದು. ಕಳೆದ ಪಾಳೆಯಪಟ್ಟು ಮತ್ತೆ ಸಿಗಬೇಕೆಂಬುದು ನಾಯಕರ ಆಸೆ, ಹೊಟ್ಟೆಗೆ ಉಳಿಯಬೇಕೆಂಬುದು ರೈತರ ಆಸೆ. ಸಿಟ್ಟು ಒಂದೇ ಆಗಿತ್ತು, ಗುರಿ ಒಂದೇ ಆಗಿರಲಿಲ್ಲ.

ಈಗ ಐರ್ಲೆಂಡಿನ ಕಡೆ ತಿರುಗೋಣ. ಓಕಾನೆಲ್ ಹುಟ್ಟಿದ್ದು 1775ರಲ್ಲಿ, ಕೆರ್ರಿ ಎಂಬ ಸೀಮೆಯಲ್ಲಿ. ಸುತ್ತಲಿನ ಮಾತು ಐರಿಷ್, ಕೋರ್ಟಿನ ಮಾತು ಇಂಗ್ಲಿಷ್. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಎನ್ನುವ ಬದುಕು ನಮಗೇನೂ ಹೊಸದಲ್ಲ. ನಾಡಿನ ಬಹುಸಂಖ್ಯಾತರು ಕ್ಯಾಥೊಲಿಕರಾದರೂ ಅವರು ಪಾರ್ಲಿಮೆಂಟಿನಲ್ಲಿ ಕೂರುವಂತಿರಲಿಲ್ಲ. ತಮ್ಮದಲ್ಲದ ಚರ್ಚಿಗೆ ಅವರ ಬೆಳೆಯಿಂದ ದಶಾಂಶ ತೆರಬೇಕಿತ್ತು. ಫ್ರಾನ್ಸಿನಲ್ಲಿ ಓದಿದ ಓಕಾನೆಲ್ ಅಲ್ಲಿನ ಕ್ರಾಂತಿಯ ರಕ್ತಪಾತವನ್ನು ಹತ್ತಿರದಿಂದ ಕಂಡವನು. 1815ರಲ್ಲಿ ದ್ವಂದ್ವಯುದ್ಧದಲ್ಲಿ ಒಬ್ಬನನ್ನು ಕೊಂದದ್ದು ಅವನನ್ನು ಕಡೆತನಕ ಕಾಡಿತು. ನಾಡಿನ ಬಿಡುಗಡೆಗೆ ಒಂದು ತೊಟ್ಟು ರಕ್ತವೂ ಬೀಳಬಾರದೆಂಬ ಹಠ ಅವನದು.

1823ರಲ್ಲಿ ಆತ ಕ್ಯಾಥೊಲಿಕ್ ಅಸೋಸಿಯೇಷನ್ ಕಟ್ಟಿದ. ಮರುವರ್ಷ ಒಂದು ಸರಳ ಉಪಾಯ ಹೂಡಿದ: ತಿಂಗಳಿಗೆ ಒಂದು ಪೆನ್ನಿ ಕೊಟ್ಟರೆ ಯಾರು ಬೇಕಾದರೂ ಸದಸ್ಯರಾಗಬಹುದು. ಇದಕ್ಕೆ ‘ಕ್ಯಾಥೊಲಿಕ್ ರೆಂಟ್’ ಎಂದು ಹೆಸರು. ಜಮೀನ್ದಾರನಿಗೆ ಗೇಣಿ ಅಳೆದು ಬಳಲಿದವರು ತಮಗಾಗಿ ತಾವೇ ಕೊಟ್ಟುಕೊಂಡ ಗೇಣಿ ಅದು. ಚರ್ಚಿನ ಬಾಗಿಲಲ್ಲಿ ಕೂಡಿದ ಈ ಕಾಸು ಬಡವರ ಕೋರ್ಟಿನ ಖರ್ಚಿಗೆ, ಚುನಾವಣೆಗೆ ಒದಗಿತು. ಪೆನ್ನಿ ಕೊಟ್ಟವನಿಗೆ ಸಂಘಟನೆ ತನ್ನದೆನಿಸಿತು. 1828ರಲ್ಲಿ ಕ್ಲೇರ್ ಕ್ಷೇತ್ರದಿಂದ ಓಕಾನೆಲ್ ಗೆದ್ದಾಗ ಸರ್ಕಾರ ಮಣಿಯಲೇಬೇಕಾಯಿತು. 1829ರಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಿತು.

ಈ ಗೆಲುವಿಗೂ ಬೆಲೆಯಿತ್ತು. ಅದರ ಜೊತೆಗೇ ಮತದಾನದ ಆಸ್ತಿ ಮಿತಿಯನ್ನು 40 ಷಿಲಿಂಗಿನಿಂದ 10 ಪೌಂಡಿಗೆ ಏರಿಸಲಾಯಿತು. ಅವನನ್ನು ಗೆಲ್ಲಿಸಿದ ಸಣ್ಣ ರೈತರೇ ಮತ ಕಳೆದುಕೊಂಡರು. 1843ರಲ್ಲಿ ಕ್ಲಾಂಟಾರ್ಫ್‌ನ ಮಹಾಸಭೆಯನ್ನು ಸರ್ಕಾರ ನಿಷೇಧಿಸಿದಾಗ ಗುಂಡೇಟಿಗೆ ಜನರನ್ನು ಒಡ್ಡಲಾರದೆ ಆತ ಸಭೆಯನ್ನೇ ಕೈಬಿಟ್ಟ. ತರುಣರು ಅವನನ್ನು ಹೇಡಿ ಎಂದುಕೊಂಡರು. 1844ರಲ್ಲಿ ಜೈಲು ಕಂಡ. 1847ರಲ್ಲಿ, ನಾಡು ಮಹಾಕ್ಷಾಮದಲ್ಲಿ ಬೇಯುತ್ತಿದ್ದಾಗ, ರೋಮಿಗೆ ಹೋಗುವ ದಾರಿಯಲ್ಲಿ ಜಿನೋವಾದಲ್ಲಿ ತೀರಿಕೊಂಡ. ಬೇರೆಯವರ ಸಂಕಟಕ್ಕೂ ಕಿವಿಗೊಟ್ಟವನು ಆತ. ಅಮೆರಿಕದ ಗುಲಾಮಗಿರಿಯನ್ನು ಕಟುವಾಗಿ ಖಂಡಿಸಿದ, ಯಹೂದಿಗಳ ಹಕ್ಕಿನ ಪರ ನಿಂತ.

ಓಕಾನೆಲ್‌ಗೆ ಕೋರ್ಟು, ಪತ್ರಿಕೆ, ಒಂದಿಷ್ಟಾದರೂ ಮತದಾರರು, ಮಾತಾಡಲು ಒಂದು ಸಭೆ ಇದ್ದವು. ನಮ್ಮ ರೈತರಿಗೆ ಇದ್ದದ್ದು ಕೂಟ ಮತ್ತು ಅರ್ಜಿ. ಅರ್ಜಿಯನ್ನು ಓದುವವರಿಲ್ಲದಾಗ ಬೆಟ್ಟದ ಕೋಟೆಯೇ ದಾರಿಯಾಯಿತು. ಕೋಟೆ ಹತ್ತಿದ ಮೇಲೆ ಮಾತು ನಾಯಕನದು, ರೈತನದಲ್ಲ. ಹಾಗಾಗಿ ನಾಯಕ ಬಿದ್ದರೆ ಎಲ್ಲವೂ ಬಿದ್ದಂತೆ. ಐರ್ಲೆಂಡಿನಲ್ಲಿ ನಾಯಕ ಸತ್ತರೂ ಕಾಸು ಕೂಡಿಸುವ ರೂಢಿ ಉಳಿಯಿತು. ಮುಂದೆ 1879ರ ಲ್ಯಾಂಡ್ ಲೀಗ್ ಬೆಳೆದದ್ದು ಅಂಥ ನೆಲದಲ್ಲೇ.

ದಂಗೆಯಿಂದ ಲಾಭವಾದದ್ದು ಯಾರಿಗೆ? ಕಂಪನಿಯ ದಂಡು 1831ರ ಜೂನ್‌ನಲ್ಲಿ ನಗರವನ್ನು ಹಿಡಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಟಿಂಕ್ ಮಹಾರಾಜರಿಂದ ಆಡಳಿತವನ್ನೇ ಕಿತ್ತುಕೊಂಡ. ಅದು ಅರಮನೆಗೆ ಮರಳಿದ್ದು ಐವತ್ತು ವರ್ಷಗಳ ನಂತರ, 1881ರಲ್ಲಿ. ದಂಗೆಯ ಕಾರಣ ಹುಡುಕಲು ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಆಮೇಲೆ ಕಮಿಷನರ್ ಆದ ಮಾರ್ಕ್ ಕಬ್ಬನ್ ಕಾಲದಲ್ಲಿ 769 ಸಣ್ಣಪುಟ್ಟ ತೆರಿಗೆಗಳು ರದ್ದಾದವು. ಅವುಗಳಲ್ಲಿ ಮದುವೆಗೊಂದು ತೆರಿಗೆ, ಮಗು ಹುಟ್ಟಿದರೊಂದು ತೆರಿಗೆ. ಒಂದು ಹಳ್ಳಿಯವರಂತೂ ಹಿಂದೆಂದೋ ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಅಜ್ಜಂದಿರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತೆರಿಗೆ ಕಟ್ಟುತ್ತಿದ್ದರು!

ಅರಸನಿರಲಿ, ಪಾಳೆಯಗಾರನಿರಲಿ, ಕಂಪನಿಯಿರಲಿ, ಕುದುರೆ ಯಾರದಾದರೂ ಅದರ ದಂಡ ರೈತನದು. 1830ರಲ್ಲಿ ಕೂಟ ಸೇರಿದವರು ಎತ್ತಿದ ಪ್ರಶ್ನೆ ಇದೇ. ಐರ್ಲೆಂಡಿನಲ್ಲಿ ಇಂಥ ಪ್ರಶ್ನೆಯನ್ನು ರಾಜಕಾರಣ ಎಂದು ಬರೆದುಕೊಂಡರು, ಅದನ್ನು ಎತ್ತಿದವನ ಹೆಸರನ್ನು ಡಬ್ಲಿನ್ನಿನ ಮುಖ್ಯ ಬೀದಿಗೆ ಇಟ್ಟರು. ಇಲ್ಲಿ ಅದು ಅಧಿಕಾರಿಗಳ ಕಡತದಲ್ಲಿ ದಂಗೆಯಾಯಿತು, ಲೂಟಿಯಾಯಿತು. ಗಲ್ಲಿಗೇರಿದ ನಾಯಕನ ಹೆಸರಾದರೂ ಉಳಿದಿದೆ. ಅವನಿಗೂ ಮೊದಲು ಮರದ ನೆರಳಲ್ಲಿ ಬರಿಗೈಯಲ್ಲಿ ಸೇರಿದ್ದವರನ್ನು ನಾವು ‘ದಂಗೆಕೋರರು’ ಎನ್ನುವ ಬದಲು ಅವರೇ ಇಟ್ಟುಕೊಂಡ ಹೆಸರಿನಿಂದ ಕರೆಯಬಹುದು: ಅವರು ಕೂಟದವರು.