ಮಾತು ತಡವರಿಸುತ್ತಿದ್ದ ಹುಡುಗ, ಮಾತಿನ ತತ್ವಜ್ಞಾನಿ

ಪತ್ರಿಕೋದ್ಯಮ ಓದುವಾಗ ‘ಸಾರ್ವಜನಿಕ ವಲಯ’ ಎಂಬ ಮಾತನ್ನು ನಾವು ಪರೀಕ್ಷೆಗೆಂದು ಉರು ಹೊಡೆದಿದ್ದೆವು. ಅದರ ಹಿಂದಿನ ಮನುಷ್ಯನ ಕಥೆ ಗೊತ್ತಾಗಿದ್ದು ಆಮೇಲೆ.

ಯುರ್ಗೆನ್ ಹಾಬರ್ಮಾಸ್ ಹುಟ್ಟಿದ್ದು 1929ರಲ್ಲಿ, ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ. ಹುಟ್ಟುವಾಗಲೇ ಸೀಳು ಅಂಗುಳ. ಶಸ್ತ್ರಚಿಕಿತ್ಸೆಯಾದರೂ ಮಾತು ಮೂಗಿನಲ್ಲೇ ಬರುತ್ತಿತ್ತು, ಶಾಲೆಯ ಮಕ್ಕಳಿಗೆ ಸರಿಯಾಗಿ ಅರ್ಥವಾಗುತ್ತಿರಲಿಲ್ಲ. ಆ ಕಾಲದ ಹುಡುಗರಂತೆ ಹಿಟ್ಲರನ ಯುವದಳದಲ್ಲೂ ಇದ್ದರು. 1945ರಲ್ಲಿ ಯುದ್ಧ ಮುಗಿದು, ಯಹೂದಿಗಳ ಕಗ್ಗೊಲೆಯ ನಿಜ ಹೊರಬಿತ್ತು. ತಾವು ಬೆಳೆದ ವ್ಯವಸ್ಥೆಯೇ ಅಪರಾಧಿ ಎಂದು ಹದಿಹರೆಯದಲ್ಲೇ ತಿಳಿಯಿತು.

1953ರಲ್ಲಿ ಹೆಸರಾಂತ ತತ್ವಜ್ಞಾನಿ ಹೈಡೆಗರ್ ತಮ್ಮ 1935ರ ಉಪನ್ಯಾಸಗಳನ್ನು ಪುಸ್ತಕ ಮಾಡಿದರು. ನಾಜಿ ಚಳವಳಿಯನ್ನು ಹೊಗಳಿದ ಮಾತು ಹಾಗೇ ಇತ್ತು. 24ರ ವಿದ್ಯಾರ್ಥಿ ಹಾಬರ್ಮಾಸ್ ಫ್ರಾಂಕ್‌ಫರ್ಟ್‌ನ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಪ್ರಶ್ನಿಸಿದರು. ಇನ್ನೂ ಕೆಲಸ ಹುಡುಕಬೇಕಾದವನಿಗೆ ಇದು ಸಣ್ಣ ಧೈರ್ಯವಲ್ಲ.

1962ರಲ್ಲಿ ಅವರ ದೊಡ್ಡ ಪುಸ್ತಕ ಬಂತು. 18ನೇ ಶತಮಾನದ ಲಂಡನ್ನಿನ ಕಾಫಿ ಅಂಗಡಿಗಳಲ್ಲಿ ವ್ಯಾಪಾರಿಗಳು, ಬರಹಗಾರರು ಪತ್ರಿಕೆ ಓದಿ ಸರ್ಕಾರದ ಬಗ್ಗೆ ವಾದಕ್ಕಿಳಿಯುತ್ತಿದ್ದರು. ಯಾರು ಹೇಳಿದರು ಅನ್ನುವುದಕ್ಕಿಂತ ಏನು ಹೇಳಿದರು ಅನ್ನುವುದು ಅಲ್ಲಿ ಮುಖ್ಯ; ಜನಾಭಿಪ್ರಾಯಕ್ಕೆ ಬಲ ಬಂದದ್ದು ಹೀಗೆ ಎಂದರು. ಮುಂದೆ ಪತ್ರಿಕೆ ಜಾಹೀರಾತಿನ ವ್ಯಾಪಾರವಾಯಿತು, ಓದುಗ ಗಿರಾಕಿಯಾದ ಎಂದೂ ಬರೆದರು.

ನಮ್ಮದೊಂದು ತಕರಾರಿದೆ. ಆ ಚರ್ಚೆಯಲ್ಲಿ ಹೆಂಗಸರಿಗೆ, ಕೂಲಿಯವರಿಗೆ ಜಾಗವೆಲ್ಲಿತ್ತು? ಅಮೆರಿಕದ ನ್ಯಾನ್ಸಿ ಫ್ರೇಸರ್ 1990ರಲ್ಲಿ ಇದನ್ನೇ ಕೇಳಿದರು. ಅದೇ ವರ್ಷದ ಜರ್ಮನ್ ಮರುಮುದ್ರಣದ ಮುನ್ನುಡಿಯಲ್ಲಿ ಹಾಬರ್ಮಾಸ್, ಹೆಂಗಸರನ್ನು ಹೊರಗಿಟ್ಟದ್ದರ ಕುರಿತ ಇಂಥ ಟೀಕೆಗಳನ್ನು ಒಪ್ಪಿಕೊಂಡು ತಮ್ಮ ವಾದವನ್ನೇ ತಿದ್ದಿಕೊಂಡರು.